ಗೈಡ್, ಆ್ಯಪ್, ಹಳೇ ಪ್ರಶ್ನೆಪತ್ರಿಕೆ: ಮೂರರಲ್ಲೂ ತಯಾರಿ ಮಾಡಿ ನೋಡಿದೆ

ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ಸಂದರ್ಶನಕ್ಕಿಂತ ಮೊದಲು ಎದುರಾಗುವುದು ಆಪ್ಟಿಟ್ಯೂಡ್ ಮತ್ತು ಸಾಮಾನ್ಯ ಜ್ಞಾನದ ಪರೀಕ್ಷೆ. ಅದಕ್ಕಾಗಿ ನಾನು ಒಂದು ವರ್ಷ ಓದಿದೆ. ಮೊದಲು ದಪ್ಪ ಗೈಡ್, ಆಮೇಲೆ ಮೊಬೈಲ್‌ನಲ್ಲಿ ಕ್ವಿಜ್ ಆ್ಯಪ್, ಕೊನೆಗೆ ಹಳೇ ಪ್ರಶ್ನೆಪತ್ರಿಕೆ ಮತ್ತು ಗಡಿಯಾರ.

ಗೈಡ್‌ನಿಂದ ಬುನಾದಿ ಗಟ್ಟಿಯಾಯಿತು, ಇದನ್ನು ಒಪ್ಪಲೇಬೇಕು. ಒಬ್ಬರು 12 ದಿನದಲ್ಲಿ, ಇನ್ನೊಬ್ಬರು 18 ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರೂ ಸೇರಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಭಿನ್ನರಾಶಿ ಹಿಡಿದು ಒದ್ದಾಡುತ್ತಿದ್ದ ನನಗೆ ಲ.ಸಾ.ಅ. (ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ದಾರಿ ತೋರಿಸಿದ್ದು ಗೈಡೇ. ಒಟ್ಟು ಕೆಲಸ 36 ಪಾಲು ಅಂದುಕೊಳ್ಳಿ. ದಿನಕ್ಕೆ ಒಬ್ಬರದು 3, ಇನ್ನೊಬ್ಬರದು 2. ಸೇರಿದರೆ 5. ಉತ್ತರ 7.2 ದಿನ.

ಆದರೆ ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲವೂ ಗೊತ್ತಿದ್ದಂತೆಯೇ ಇರುತ್ತದೆ, ಅಲ್ವಾ? ಪುಸ್ತಕ ಮುಚ್ಚಿದರೆ ಪೆನ್ನು ಮುಂದೆ ಹೋಗುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರೇ ಮುಂದಿದ್ದರು.

ಸಾಮಾನ್ಯ ಜ್ಞಾನಕ್ಕಂತೂ ಹಳೇ ಗೈಡ್ ಬೇಡವೇ ಬೇಡ. ನನ್ನದು 2020ರದು. ಕಝಾಕಿಸ್ತಾನದ ರಾಜಧಾನಿ ನುರ್-ಸುಲ್ತಾನ್ ಎಂದು ಅದರಲ್ಲಿತ್ತು, ನಾನೂ ಹಾಗೇ ಗುರುತು ಹಾಕಿ ಬಂದೆ. 2022ರಲ್ಲೇ ಅದು ಮತ್ತೆ ಅಸ್ತಾನಾ ಆಗಿತ್ತು. ಕಷ್ಟಪಟ್ಟು ಬಾಯಿಪಾಠ ಮಾಡಿದ್ದೇ ತಪ್ಪಾದಾಗ ತುಂಬಾ ಬೇಜಾರಾಗುತ್ತದೆ.

ಆ್ಯಪ್‌ಗೆ ಹತ್ತು ನಿಮಿಷ ಬಿಡುವು ಸಿಕ್ಕರೂ ಸಾಕು. ತಪ್ಪಾದ ಪ್ರಶ್ನೆಯನ್ನು ಬೇಗ, ಸರಿಯಾದದ್ದನ್ನು ತಡವಾಗಿ ಮತ್ತೆ ಕೇಳುವ ಆ್ಯಪ್ ಆದರೆ ಸಾಮಾನ್ಯ ಜ್ಞಾನಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಇದೇ ಕೆಲಸವನ್ನು ಕಾಗದದ ಚೀಟಿ ಮತ್ತು ಡಬ್ಬಿಗಳಿಂದ ಮಾಡುವ ಕ್ರಮವನ್ನು ವಿಜ್ಞಾನ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲೇ ಹೇಳಿಕೊಟ್ಟಿದ್ದರು. ಹಾಗಾಗಿ ಮೊಬೈಲ್ ಬೇಡ ಅನ್ನುವವರಿಗೆ ಚೀಟಿಯೂ ನಡೆಯುತ್ತದೆ.

ಲೆಕ್ಕಕ್ಕೆ ಮಾತ್ರ ಆ್ಯಪ್ ನನ್ನನ್ನು ದಾರಿ ತಪ್ಪಿಸಿತು. ಒಂದೊಂದು ಸಲ ಒಂದೊಂದೇ ವಿಷಯದ ಹತ್ತು ಪ್ರಶ್ನೆ ಕೊಡುತ್ತಿತ್ತು. ಹತ್ತೂ ಲಾಭ-ನಷ್ಟವೇ ಆದರೆ ಯಾವ ಸೂತ್ರ ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ. ನಿಜವಾದ ಪತ್ರಿಕೆಯಲ್ಲಿ ಎಲ್ಲವೂ ಕಲಸಿ ಬರುತ್ತದೆ. ಅಲ್ಲಿ ಪ್ರಶ್ನೆ ಯಾವ ಬಗೆಯದು ಅಂತ ಗುರುತಿಸುವುದೇ ಅರ್ಧ ಕೆಲಸ.

ಹಳೇ ಪತ್ರಿಕೆ ಹಿಡಿದಾಗಲೇ ನನಗೆ ಸಮಯದ ಬೆಲೆ ಗೊತ್ತಾಯಿತು. 60 ನಿಮಿಷ, 100 ಪ್ರಶ್ನೆ. ಅಂದರೆ ಒಂದಕ್ಕೆ 36 ಸೆಕೆಂಡ್. ಮೊದಲ ಸಲ ಮೇಜಿನ ಸುತ್ತ ಕೂತವರಲ್ಲಿ ಯಾರ ಎದುರು ಯಾರು ಎಂಬ ಒಂದೇ ಒಗಟಿಗೆ ನಾಲ್ಕು ನಿಮಿಷ ಹೋಯಿತು, ಕೊನೆಯ 30 ಪ್ರಶ್ನೆ ಓದಲೂ ಆಗಲಿಲ್ಲ. ಅವುಗಳಲ್ಲಿ ಹೆಚ್ಚಿನವು ನನಗೆ ಬರುವಂಥವೇ! ಆಮೇಲೆ ಎರಡು ಸುತ್ತು ಮಾಡಿಕೊಂಡೆ. ನೋಡಿದ ಕೂಡಲೇ ದಾರಿ ಹೊಳೆಯುವವು ಮೊದಲು, ಉಳಿದವು ಆಮೇಲೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಲೆಕ್ಕವೂ ಅಲ್ಲೇ ಅಭ್ಯಾಸವಾಯಿತು. ನಾಲ್ಕು ಆಯ್ಕೆ ಇದ್ದು, ತಪ್ಪಿಗೆ ಕಾಲು ಅಂಕ ಹೋಗುತ್ತದೆ ಅನ್ನಿ. ಸುಮ್ನೆ ಊಹಿಸಿದರೆ ಸರಾಸರಿ ಲಾಭ ಒಂದು ಅಂಕದ 1/16 ಮಾತ್ರ. ಒಂದು ಆಯ್ಕೆ ಖಂಡಿತ ತಪ್ಪು ಅಂತ ತೆಗೆದುಹಾಕಲು ಆದರೆ ಅದು 1/6 ಆಗುತ್ತದೆ. ಮೂರನೇ ಒಂದು ಅಂಕ ಕಳೆಯುವ ಪರೀಕ್ಷೆಯಲ್ಲಿ ಕುರುಡು ಊಹೆಯ ಲಾಭ ಸೊನ್ನೆ. ಆದ್ದರಿಂದ ಸೂಚನೆಯ ಪುಟವನ್ನು ದಯವಿಟ್ಟು ಪೂರ್ತಿ ಓದಿ.

ಈಗ ಒಂದೇ ತಿಂಗಳು ಇದೆ ಅಂದರೆ ನಾನು ಮೊದಲ ದಿನವೇ ಒಂದು ಹಳೇ ಪತ್ರಿಕೆ ಬರೆಯುತ್ತೇನೆ. ಎಲ್ಲಿ ಎಡವಿದೆನೋ ಆ ಅಧ್ಯಾಯಕ್ಕೆ ಮಾತ್ರ ಗೈಡ್. ದಿನಾ ಸಂಜೆ ಸಾಮಾನ್ಯ ಜ್ಞಾನಕ್ಕೆ ಆ್ಯಪ್. ಜೊತೆಗೆ ತಪ್ಪುಗಳಿಗೆ ಒಂದು ನೋಟ್‌ಬುಕ್, ಅದರಲ್ಲಿ ಮೂರು ಕಾಲಂ: ಗೊತ್ತಿರಲಿಲ್ಲ, ಲೆಕ್ಕ ತಪ್ಪಿತು, ಪ್ರಶ್ನೆ ಸರಿಯಾಗಿ ಓದಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಜಾಸ್ತಿ ತುಂಬಿದ್ದು ಮೂರನೆಯದು. ‘ಯಾವುದು ಸರಿಯಲ್ಲ’ ಎಂದು ಕೇಳಿದ ಕಡೆಯೆಲ್ಲ ನಾನು ಸರಿಯಾದದ್ದಕ್ಕೆ ಗುರುತು ಹಾಕಿದ್ದೆ.