ತಳೆ, ಯಂತ್ರ, ದೋಟಿ, ಹಗ್ಗ: ಮರದ ತುದಿಯಲ್ಲಿ ಭಾರ ಎಲ್ಲಿ ನಿಲ್ಲುತ್ತದೆ?

ಮರ ಹತ್ತುವ ಸಲಕರಣೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬೇಗ ಹತ್ತಬಹುದು, ಎಷ್ಟು ಹಣ ಬೀಳುತ್ತದೆ. ಈ ಪ್ರಶ್ನೆಗಳಿಂದ ಆರಂಭಿಸಿದರೆ ಸರಿಯಲ್ಲದ ಸಲಕರಣೆಯೇ ಮನೆಗೆ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತುವುದು ಕೆಲವೇ ನಿಮಿಷದ ಮಾತು, ಕೆಲಸ ಇರುವುದು ಮೇಲೆ. ಅಲ್ಲಿ ಒಂದು ಕೈ ಗೊನೆಯನ್ನು ಹಿಡಿದಿರುತ್ತದೆ, ಇನ್ನೊಂದರಲ್ಲಿ ಕತ್ತಿ ಇರುತ್ತದೆ. ಮರವನ್ನು ಹಿಡಿಯಲು ಮೂರನೆಯ ಕೈ ಯಾರಿಗೂ ಇಲ್ಲ. ಆ ಗಳಿಗೆಯಲ್ಲಿ ದೇಹದ ಭಾರ ಯಾವುದರ ಮೇಲೆ ನಿಂತಿದೆ, ಅದು ಜಾರಿದರೆ ಹಿಡಿಯಲು ಇನ್ನೇನಿದೆ? ಕೆಳಗಿನ ಹೋಲಿಕೆಯನ್ನೆಲ್ಲ ನಾನು ಈ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ.

ನನ್ನ ಕೆಲಸದ ಸ್ವರೂಪವನ್ನು ಹೇಳಿಬಿಡುತ್ತೇನೆ. ಕಲ್ಯಾಣಪುರ, ಬ್ರಹ್ಮಾವರದ ಕಡೆಯ ತೋಟಗಳಲ್ಲಿ ತೆಂಗಿನಕಾಯಿ ಕೀಳುತ್ತೇನೆ. ಮಣಿಪಾಲ ಮತ್ತು ಮಂಗಳೂರಿನ ಮನೆಯಂಗಳಗಳಲ್ಲಿ ಮಾವು, ಹಲಸು, ಮಳೆಮರಗಳ ಕೊಂಬೆ ಇಳಿಸುತ್ತೇನೆ. ಮುಂಗಾರಿನ ಹೊತ್ತಿಗೆ ವಿಟ್ಲದ ಕಡೆ ಅಡಿಕೆಗೆ ಮದ್ದು ಬಿಡಲು ಹೋಗುತ್ತೇನೆ. ಒಂದೇ ಸಲಕರಣೆಯಿಂದ ಈ ಮೂರೂ ಆಗುವುದಿಲ್ಲ.

ಮೊದಲು ತಳೆ. ಹಗ್ಗದ ಆ ಬಳೆಯೊಳಗೆ ಎರಡೂ ಪಾದಗಳನ್ನು ಸೇರಿಸಿ, ಅಂಗಾಲುಗಳಿಂದ ಕಾಂಡವನ್ನು ಒತ್ತಿ, ಕೈಯಿಂದ ತಬ್ಬಿ ಮೈಯನ್ನು ಮೇಲಕ್ಕೆಳೆದುಕೊಳ್ಳುವ ವಿದ್ಯೆ ಕರಾವಳಿಯವರಿಗೆ ಹೊಸದಲ್ಲ. ತಳೆಗೆ ತೂಕವಿಲ್ಲ, ಜೋಡಿಸುವ ಕೆಲಸವಿಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಬೇಕಿಲ್ಲ. ಆದರೆ ಅದರ ದೊಡ್ಡ ಗುಣ ಬೇರೆಯೇ ಇದೆ. ತಳೆಯಲ್ಲಿ ಹತ್ತಿದವನು ಮಾತ್ರ ಸಲೀಸಾಗಿ ಮಂಡೆಯೊಳಗೆ, ಅಂದರೆ ಗರಿಗಳು ಹೊರಡುವ ಮರದ ತಲೆಯೊಳಗೆ, ಹೋಗುತ್ತಾನೆ. ಮಡಲುಗಳ ಬುಡದಲ್ಲಿ ಕುಳಿತು ಸುತ್ತಲೂ ಕಣ್ಣಾಡಿಸುತ್ತಾನೆ. ಒಣಗಿದ ಹೊಂಬಾಳೆ, ಜೋತುಬಿದ್ದ ಮಡಲುಗಳನ್ನು ತೆಗೆದು ಮರವನ್ನು ಶುಚಿ ಮಾಡುತ್ತಾನೆ. ರೈನೋಸರಸ್ ದುಂಬಿ ಸುಳಿಯನ್ನು ಕೊರೆದಿದ್ದರೆ ಅರಳಿದ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಗುರುತು ಇರುತ್ತದೆ. ಅದನ್ನು ಕೆಳಗಿನಿಂದಲೂ ನೋಡಬಹುದು. ತೂತಿನಲ್ಲಿ ದುಂಬಿ ಇನ್ನೂ ಇದೆಯೇ ಎಂದು ತಿಳಿಯಲು ಮಂಡೆಗೇ ಹೋಗಬೇಕು. ಕಾಯಿ ಕೀಳುವುದು ಅರ್ಧ ಕೆಲಸ, ಮರವನ್ನು ನೋಡಿಕೊಳ್ಳುವುದು ಉಳಿದರ್ಧ ಎಂದು ನಂಬಿದವನು ನಾನು. ಆ ಉಳಿದರ್ಧಕ್ಕೆ ತಳೆಯನ್ನು ಮೀರಿಸುವಂಥದ್ದು ನನಗೆ ಇನ್ನೂ ಸಿಕ್ಕಿಲ್ಲ.

ಹಾಗಿದ್ದೂ ನನ್ನ ಅಳತೆಗೋಲಿನಲ್ಲಿ ಬರಿಯ ತಳೆಗೆ ಸೊನ್ನೆ ಅಂಕ. ಕಾಂಡದಲ್ಲಿರುವಾಗ ಕೈ ಬಿಟ್ಟರೆ ಹಿಡಿಯುವುದು ಯಾವುದೂ ಇಲ್ಲ. ಜೂನ್ ಬಂತೆಂದರೆ ತೆಂಗಿನ ಕಾಂಡದ ಮೇಲೆ ಹಸಿರು ಪಾಚಿ ಕಟ್ಟುತ್ತದೆ, ಅಂಗಾಲಿನ ಹಿಡಿತವೇ ಹೋಗುತ್ತದೆ. ಇದಕ್ಕೆ ಪರಿಹಾರವೆಂದು ಕೆಲವರು ಕಾಂಡಕ್ಕೆ ಕಚ್ಚು ಹಾಕಿ ಮೆಟ್ಟಿಲು ಮಾಡುತ್ತಾರೆ. ದಯವಿಟ್ಟು ಬೇಡ. ತೆಂಗಿನ ಕಾಂಡದ ಗಾಯ ಮಾವಿನ ಗಾಯದಂತೆ ತೊಗಟೆ ಬೆಳೆದು ಮುಚ್ಚುವುದಿಲ್ಲ, ಹಾಕಿದ ಕಚ್ಚು ಮರ ಇರುವಷ್ಟು ಕಾಲವೂ ಹಾಗೆಯೇ ಇರುತ್ತದೆ. ಕೆಂಪುಮೂತಿ ಹುಳು ಮೊಟ್ಟೆಯಿಡಲು ಹುಡುಕುವುದು ಇಂಥ ಗಾಯಗಳನ್ನೇ. ಶೇಂದಿ ಇಳಿಸುವ ಮೂರ್ತೆದಾರರು ಇದಕ್ಕಿಂತ ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ದಿನವೂ ಬೆಳಿಗ್ಗೆ, ಸಂಜೆ ಅದೇ ಮರವನ್ನು ಹತ್ತಬೇಕಾದ ಅವರು ತೆಂಗಿನ ಸಿಪ್ಪೆಯ ತುಂಡುಗಳನ್ನು ಕಾಂಡಕ್ಕೆ ಹಗ್ಗದಲ್ಲಿ ಬಿಗಿದು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಮರಕ್ಕೆ ಗಾಯವಿಲ್ಲ, ಕಾಲಿಗೆ ಆಧಾರವಿದೆ.

ನಾನು ತಳೆಯ ಜೊತೆಗೆ ಸೊಂಟಪಟ್ಟಿ ಕಟ್ಟಿ ಅದರಿಂದ ಕಾಂಡಕ್ಕೊಂದು ಹಗ್ಗ ಹಾಕುತ್ತೇನೆ. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಕಾಂಡದ ಸುತ್ತ ಸಡಿಲವಾಗಿ ಬಳಸಿದ ಹಗ್ಗ ಇದ್ದೂ ಇಲ್ಲದಂತೆ. ತೆಂಗು ನುಣುಪಾದ ಕಂಬ, ನಡುವೆ ತಡೆಯಲು ಕೊಂಬೆಯಿಲ್ಲ; ಕಾಲು ಜಾರಿದರೆ ಹಗ್ಗವೂ ಮನುಷ್ಯನ ಜೊತೆಗೇ ಕೆಳಗೆ ಬರುತ್ತದೆ. ಭಾರ ಬಿದ್ದೊಡನೆ ಕಾಂಡವನ್ನು ಬಿಗಿದು ಹಿಡಿಯುವ ಜೀರುಗುಣಿಕೆಯಾಗಿ ಅದು ಇರಬೇಕು. ಹತ್ತುತ್ತಾ ಹೋದಂತೆ ಅದನ್ನು ಸಡಿಲಿಸಿ ಮೇಲಕ್ಕೆ ತಳ್ಳುವುದು ಆರಂಭದಲ್ಲಿ ಕಿರಿಕಿರಿ, ಹೊತ್ತೂ ಹಿಡಿಯುತ್ತದೆ. ಕೈಗೆ ಒಗ್ಗಿದ ಮೇಲೆ ಅದಿಲ್ಲದೆ ಹತ್ತಲು ಮನಸ್ಸೇ ಬರುವುದಿಲ್ಲ.

ಈಗ ನಿಂತು ಹತ್ತುವ ಯಂತ್ರ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಅವರು ರೂಪಿಸಿದ ಮಾದರಿ ಇದು, ಆ ಊರಿನ ಹೆಸರಿನಿಂದಲೇ ಎಲ್ಲ ಕಡೆ ಗೊತ್ತು. ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು. ಎರಡರಿಂದಲೂ ಕಾಂಡವನ್ನು ಸುತ್ತುವ ಉಕ್ಕಿನ ತಂತಿಹಗ್ಗ. ಕಾಲೂರಿ ಭಾರ ಬಿಟ್ಟರೆ ತಂತಿ ಬಿಗಿಯುತ್ತದೆ, ಕಾಲೆತ್ತಿದರೆ ಸಡಿಲಾಗುತ್ತದೆ. ಎಡ, ಬಲ, ಎಡ, ಬಲ ಎಂದು ನಡೆಯುತ್ತಲೇ ಮೇಲೇರಬಹುದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯಲ್ಲಿ ಕಲಿಸಿದ್ದು ಹೆಚ್ಚಾಗಿ ಈ ಯಂತ್ರವನ್ನೇ. ಮರ ಹತ್ತುವುದು ಗಂಡಸರ ಕೆಲಸ ಎಂಬ ಮಾತನ್ನು ಆ ತರಬೇತಿಗೆ ಬಂದ ಹೆಂಗಸರು ಸುಳ್ಳು ಮಾಡಿದರು. ತೋಳಿನ ಬಲಕ್ಕಿಂತ ಹೆಜ್ಜೆಯ ಲಯ ಮುಖ್ಯವಾದ್ದರಿಂದ ಹೊಸಬರು ಕೆಲವೇ ದಿನಗಳಲ್ಲಿ ಕಲಿಯುತ್ತಾರೆ. ತಳೆ ಹಾಗಲ್ಲ, ಅದು ಎಳೆಯ ವಯಸ್ಸಿನಲ್ಲೇ ಮೈಗೆ ಹತ್ತಬೇಕು.

ಯಂತ್ರದಲ್ಲಿ ಎಲ್ಲವೂ ನಿಂತಿರುವುದು ತಂತಿಯ ಅಳತೆಯ ಮೇಲೆ. ತೆಂಗಿನ ಬುಡ ಉಬ್ಬಿರುತ್ತದೆ, ಒಂದಾಳೆತ್ತರ ದಾಟಿದರೆ ಕಾಂಡ ಸಪೂರವಾಗುತ್ತದೆ. ಬುಡದ ಸುತ್ತಳತೆಗೆ ಹೊಂದಿಸಿದ ತಂತಿ ಮೇಲೆ ಹೋದಂತೆ ಹೆಚ್ಚುವರಿಯಾಗಿ, ಕಾಲಿನ ಪೆಡಲ್ ಕೆಳಮುಖವಾಗಿ ವಾಲತೊಡಗುತ್ತದೆ. ಹಾಗಾಗಿ ಬುಡದಲ್ಲಿ ಕಟ್ಟುವಾಗಲೇ ಪೆಡಲ್‌ನ ತುದಿ ತುಸು ಮೇಲಕ್ಕೆ ನೋಡುವಂತೆ ತಂತಿಯನ್ನು ಗಿಡ್ಡ ಮಾಡಿಕೊಳ್ಳಬೇಕು. ಮಧ್ಯದಲ್ಲಿ ಅದು ಸಮಕ್ಕೆ ಬರುತ್ತದೆ. ತಂತಿಯ ಎಳೆಗಳನ್ನು ಕೆಲಸಕ್ಕೆ ಮೊದಲು ದಪ್ಪ ಬಟ್ಟೆಯಿಂದ ಹಿಡಿದು ಉದ್ದಕ್ಕೂ ಸವರುತ್ತೇನೆ. ಒಂದೇ ಒಂದು ಎಳೆ ಕಿತ್ತು ಬಟ್ಟೆಗೆ ಸಿಕ್ಕಿಕೊಂಡರೂ ಆ ತಂತಿ ಗುಜರಿಗೆ. ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಕಿಲ್ಲ.

ಮೂಲ ಮಾದರಿಯಲ್ಲಿ ನಿಂತವನ ಭಾರವೆಲ್ಲ ಎರಡು ಪೆಡಲ್‌ಗಳ ಮೇಲೆ. ಮೈ ಹಿಂದಕ್ಕೆ ವಾಲಿದರೆ ಹಿಡಿಯಲು ಕೈಯೇ ಗತಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇದಕ್ಕೆ ಸುರಕ್ಷತಾ ಜೋಡಣೆಯೊಂದನ್ನು ಸೇರಿಸಿತು. ಅಂಥ ಜೋಡಣೆ ಮತ್ತು ಸೊಂಟಪಟ್ಟಿ ಇದ್ದಾಗ ಈ ಯಂತ್ರವನ್ನು ಪಾಚಿ ಕಟ್ಟಿದ ಮರದಲ್ಲಿ ತಳೆಗಿಂತ ಹೆಚ್ಚು ನಂಬುತ್ತೇನೆ. ಮಳೆ ಸುರಿಯುತ್ತಿರುವಾಗ ಎರಡನ್ನೂ ನಂಬುವುದಿಲ್ಲ.

ಯಂತ್ರ ಸೋಲುವ ಕಡೆಗಳೂ ಇವೆ. ಅದು ಕಾಂಡದ ಒಂದೇ ಬದಿಯಲ್ಲಿರುತ್ತದೆ, ಆಚೆ ಬದಿಯ ಗೊನೆಗೆ ಕತ್ತಿ ಎಟುಕುವುದಿಲ್ಲ. ಮಂಡೆಯ ಕೆಳಗೇ ನಿಲ್ಲಬೇಕಾದ್ದರಿಂದ ಸುಳಿಯನ್ನು ನೋಡುವುದು ಕಷ್ಟ. ಮಲ್ಪೆಯ ಕಡಲ ಬದಿಯಲ್ಲಿ ನೀರಿನತ್ತ ಬಾಗಿರುವ ಮರಗಳಲ್ಲಿ ಚೌಕಟ್ಟು ಓರೆಯಾಗಿ ಹೆಜ್ಜೆ ತಪ್ಪುತ್ತದೆ. ಅಲ್ಲಿ ಮರದ ಬೆನ್ನ ಮೇಲೆ ತಳೆಯಲ್ಲಿ ಹೋಗುವುದೇ ಸರಿ. ಸಮತಟ್ಟಾದ ತೋಟದಲ್ಲಿ, ನೆಟ್ಟಗಿನ ಮರಗಳಲ್ಲಿ ಕಾಯಿ ಇಳಿಸುವುದಷ್ಟೇ ಕೆಲಸವಾದರೆ ಯಂತ್ರ ಗೆಲ್ಲುತ್ತದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಸುಮಾರು 45 ದಿನಕ್ಕೊಮ್ಮೆ ಕೀಳುವ ತೋಟದಲ್ಲಿ ಒಂದು ಕೊಯ್ಲಿಗೆ ಯಂತ್ರ, ಮುಂದಿನದಕ್ಕೆ ತಳೆ ಎಂದು ಬದಲಾಯಿಸಿಕೊಂಡರೆ ಮರದ ಶುಚಿಯೂ ಆಗುತ್ತದೆ.

ಕುಳಿತು ಹತ್ತುವ ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನನ್ನ ಅಳತೆಗೋಲಿನಲ್ಲಿ ಅದಕ್ಕೆ ಒಳ್ಳೆಯ ಅಂಕ: ಭಾರ ಆಸನದ ಮೇಲಿರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಆದರೆ ಹೊರಲು ಭಾರ, ಚಲನೆ ನಿಧಾನ. ಮನೆಯ ಸುತ್ತ ಹತ್ತಾರು ಮರಗಳಿರುವ, ಆಳು ಸಿಗದೆ ತಾವೇ ಹತ್ತಬೇಕೆಂದಿರುವ ನಡುವಯಸ್ಸಿನವರಿಗೆ ನಾನು ಹೇಳುವುದು ಇದನ್ನೇ.

ಅಡಿಕೆಯ ಲೋಕ ಬೇರೆ. ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ ಪ್ರತಿ ಗೊನೆಗೂ ತಾಗಬೇಕು. ಎರಡನೆಯ ಸಿಂಪಡಣೆ ಬರುವುದು ಸರಿಯಾಗಿ ಮರ ಅತಿ ಹೆಚ್ಚು ಜಾರುವ ಕಾಲದಲ್ಲಿ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಪೆಟ್ರೋಲಿನಲ್ಲಿ ಓಡುವ, ಕುಳಿತು ಮರವೇರುವ ಬೈಕನ್ನು ರೂಪಿಸಿ 2019ರಲ್ಲಿ ದೇಶದ ಗಮನ ಸೆಳೆದದ್ದು ಈ ಕಷ್ಟವನ್ನು ಕಂಡೇ. ಆಸನ, ಬ್ರೇಕು, ಬಿಡುವಾದ ಕೈಗಳು: ನಾನು ಕೇಳುವ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಕಲ್ಪನೆ ಅದು.

ಇಂದು ನಾನು ಅಡಿಕೆ ತೋಟಕ್ಕೆ ಹೆಚ್ಚಾಗಿ ಒಯ್ಯುವುದು ಕಾರ್ಬನ್ ಫೈಬರ್ ದೋಟಿಯನ್ನು. ಒಂದರೊಳಗೊಂದು ಸೇರುವ ಕೊಳವೆಗಳನ್ನು ನೆಲದಲ್ಲೇ ನಿಂತು ಎತ್ತರಿಸಿದರೆ ಮದ್ದೂ ಬಿಡಬಹುದು, ಕತ್ತಿ ಸಿಕ್ಕಿಸಿ ಗೊನೆಯನ್ನೂ ಇಳಿಸಬಹುದು. ಭಾರ ನೆಲದ ಮೇಲೆಯೇ ಇದೆ, ಇದಕ್ಕಿಂತ ದೊಡ್ಡ ಸುರಕ್ಷತೆ ಬೇಕೆ? ಕತ್ತು ಮತ್ತು ಹೆಗಲು ನೋಯುತ್ತವೆ, ಗಾಳಿಯಿದ್ದರೆ ತುದಿ ನಿಲ್ಲುವುದಿಲ್ಲ, ಅಷ್ಟೆ. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ ಎಂದು ನಂಬಿ ವಿದ್ಯುತ್ ತಂತಿಯ ಬಳಿ ಎತ್ತಿದರೆ ಮುಗಿಯಿತು. ಅಲ್ಯೂಮಿನಿಯಂ ದೋಟಿಯೂ ಹಾಗೆಯೇ. ತಂತಿ ಹಾದುಹೋಗುವ ಸಾಲಿನಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಿದ ಮೇಲೆಯೇ ದೋಟಿಯನ್ನು ಬಿಡಿಸುತ್ತೇನೆ.

ಕೊಂಬೆಗಳಿರುವ ಮರಗಳಿಗೆ ಬಂದರೆ ಮೇಲಿನ ಯಾವುದೂ ಕೆಲಸಕ್ಕೆ ಬಾರದು. ಇಲ್ಲಿ ಹಗ್ಗ ಮತ್ತು ಹಾರ್ನೆಸ್, ಅಂದರೆ ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿಗಳ ಜೋಡಣೆ. ಸಣ್ಣ ಮರಳು ಚೀಲ ಕಟ್ಟಿದ ತೆಳು ದಾರವನ್ನು ಗಟ್ಟಿ ಕವಲಿನ ಮೇಲೆ ಎಸೆದು, ಅದರಿಂದ ದಪ್ಪ ಹಗ್ಗವನ್ನು ಎಳೆದುಕೊಳ್ಳುತ್ತೇನೆ. ಮುಂದೆ ಎರಡು ದಾರಿ. ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿ, ಕವಲಿನ ಮೇಲಿಂದ ಇಳಿದುಬಂದ ಇನ್ನೊಂದು ಎಳೆಯನ್ನು ಪ್ರುಸಿಕ್ ಗಂಟಿನಿಂದ ಹಿಡಿದು ಹತ್ತುವುದು ಒಂದು. ಆಸ್ಟ್ರಿಯದ ಕಾರ್ಲ್ ಪ್ರುಸಿಕ್ 1931ರಲ್ಲಿ ಪರಿಚಯಿಸಿದ ಈ ಗಂಟು ಭಾರ ಬಿದ್ದರೆ ಕಚ್ಚುತ್ತದೆ, ಕೈಯಿಂದ ತಳ್ಳಿದರೆ ಜಾರುತ್ತದೆ. ಹೀಗೆ ಹತ್ತುವಾಗ ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಎಳೆಯಬೇಕು, ಆದರೆ ಎಳೆತ ಹಗುರ. ಎರಡನೆಯದು ಹಗ್ಗವನ್ನು ಮರಕ್ಕೆ ಕಟ್ಟಿ ನಿಲ್ಲಿಸಿ ಒಂಟಿ ಎಳೆಯ ಮೇಲೆ ಕಾಲಿನ ಬಲದಿಂದ ಹತ್ತುವುದು. ಎತ್ತರದ ಮಳೆಮರಕ್ಕೆ ಎರಡನೆಯದೇ ವಾಸಿ, ಅರ್ಧ ಆಯಾಸ ಉಳಿಯುತ್ತದೆ. ಹರಡಿಕೊಂಡ ಮಾವಿನಲ್ಲಿ ಕೊಂಬೆಯಿಂದ ಕೊಂಬೆಗೆ ಹೋಗಿಬರಲು ಮೊದಲನೆಯದು.

ಹಲಸಿನಲ್ಲಿ ಮಾತ್ರ ಒಂದು ತೊಡಕಿದೆ. ಗರಗಸ ಹಾಕಿದೊಡನೆ ಮೇಣ ಸುರಿಯುತ್ತದೆ, ಹಗ್ಗಕ್ಕೆ ಅಂಟಿದರೆ ಪ್ರುಸಿಕ್ ಗಂಟು ಸರಿಯುವುದೇ ಇಲ್ಲ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಹಚ್ಚುವ ರೂಢಿ ಎಲ್ಲರಿಗೂ ಗೊತ್ತು, ಆದರೆ ಆ ಎಣ್ಣೆ ಹಗ್ಗಕ್ಕೆ ತಾಗಿದರೆ ಕಚ್ಚಬೇಕಾದ ಗಂಟು ಜಾರುತ್ತದೆ. ಹಲಸಿಗೆಂದೇ ಹಳೆಯ ಕೈಚೀಲ ಇಟ್ಟಿದ್ದೇನೆ, ಅದನ್ನು ಕತ್ತರಿಸುವ ಜಾಗದ ಕೆಳಗೆ ಹಗ್ಗಕ್ಕೆ ಸುತ್ತುತ್ತೇನೆ.

‘ಇಷ್ಟು ದುಬಾರಿ ಹಗ್ಗ ಯಾಕೆ ಮಾರಾಯ, ಬಾವಿಯ ಹಗ್ಗ ಸಾಕಲ್ಲ’ ಎಂದು ಕೇಳುವವರಿದ್ದಾರೆ. ಮನುಷ್ಯರ ಭಾರಕ್ಕೆಂದು ಮಾಡಿದ, ಯುರೋಪಿನ ಇಎನ್ 1891 ಮಾನದಂಡದ ಎ ವರ್ಗದ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಹೆಚ್ಚು ಎಳೆತವನ್ನು ತಡೆಯಬೇಕು. ಗಂಟು ಹಾಕಿದೊಡನೆ ಯಾವ ಹಗ್ಗದ ಬಲವೂ ಕುಗ್ಗುತ್ತದೆ, ಅದಕ್ಕೇ ಅಷ್ಟು ಹೆಚ್ಚುವರಿ ಬೇಕು. ಬಾವಿಯ ಹಗ್ಗದ ಬಲ ಎಷ್ಟೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಗರಗಸ ಹಿಡಿಯುವ ಮೊದಲು ಎರಡನೆಯ ಹಗ್ಗವನ್ನು ಬೇರೆ ಕೊಂಬೆಗೆ ಹಾಕಿಯೇ ತೀರುತ್ತೇನೆ, ಏಕೆಂದರೆ ಗರಗಸಕ್ಕೆ ಕೊಂಬೆ ಯಾವುದು, ಹಗ್ಗ ಯಾವುದು ಎಂಬ ಭೇದವಿಲ್ಲ. ಕೆಳಗೆ ಕೆಲಸ ಬಲ್ಲ ಇನ್ನೊಬ್ಬರು ಇರಲೇಬೇಕು: ಪ್ರಜ್ಞೆ ತಪ್ಪಿ ಹಾರ್ನೆಸ್ಸಿನಲ್ಲಿ ಅಲುಗಾಡದೆ ನೇತಾಡಿದರೆ ಕಾಲಿನಲ್ಲೇ ರಕ್ತ ನಿಂತು ಪ್ರಾಣಕ್ಕೆ ಕುತ್ತು ಬರುತ್ತದೆ. ಮುಳ್ಳಿನ ಬೂಟನ್ನು ಕಡಿದುರುಳಿಸುವ ಮರಕ್ಕೆ ಮಾತ್ರ ಹಾಕುತ್ತೇನೆ, ಬದುಕಬೇಕಾದ ಮರಕ್ಕಲ್ಲ.

ಇಷ್ಟೆಲ್ಲ ಇದ್ದರೂ ಕೆಲವು ಮರಗಳಿಗೆ ನಾನು ಹತ್ತುವುದಿಲ್ಲ. ಸಿಡಿಲು ಬಡಿದು ಮಂಡೆ ಒಣಗಿದ ತೆಂಗು, ಬುಡದಲ್ಲಿ ಅಣಬೆ ಎದ್ದ ಮಾವು, ಕಾಂಡ ತಟ್ಟಿದರೆ ಟೊಳ್ಳು ಸದ್ದು ಕೊಡುವ ಮರ. ಹಗ್ಗ, ತಂತಿ, ತಳೆ ಮೂರೂ ನಂಬುವುದು ಮರವನ್ನು, ಮರವೇ ನಿಲ್ಲದಿದ್ದರೆ ಅವು ಏನು ಮಾಡಿಯಾವು? ಅಂಥಲ್ಲಿ ಕ್ರೇನ್ ತರಿಸಿ ಎನ್ನುತ್ತೇನೆ. ಕ್ರೇನಿನ ಬಾಡಿಗೆ ಹೆಚ್ಚಾಯಿತು ಎಂದು ಬೇಸರಪಟ್ಟವರಿಗೂ ನನ್ನ ಉತ್ತರ ಬದಲಾಗುವುದಿಲ್ಲ. ಹೆಜ್ಜೇನು ಕಟ್ಟಿದ ಮರಕ್ಕೂ ಅಷ್ಟೇ, ಹುಳು ಎದ್ದು ಹೋಗುವ ತನಕ ಕಾಯಬೇಕು.