ಬಾರ್ಬಡೋಸ್‌ನ ಜೆಡ್‌ಆರ್ ವ್ಯಾನು: ಐದಕ್ಕ ನಾಕ್ ಸ್ಟಾರ್, ಒಂದ್ ಕಟ್ ಮಾಡಿದ್ದು ಹಾಡಿನ ಸಲುವಾಗಿ

ಬಾರ್ಬಡೋಸ್‌ಗೆ ಹೋಗೂದೈತಿ, ಸ್ವಲ್ಪ ಹೇಳ್ರಿ ಅಂತ ಫೋನ್ ಮಾಡೋರು ಈಗೀಗ ಜಾಸ್ತಿ ಆಗ್ಯಾರ. 2024ರ ಟಿ-20 ವರ್ಲ್ಡ್ ಕಪ್ ಫೈನಲ್‌ನಾಗ ನಮ್ಮವ್ರು ಸೌತ್ ಆಫ್ರಿಕಾನ 7 ರನ್ನಿಂದ ಸೋಲಿಸಿದ್ದು ಅಲ್ಲೇ, ಕೆನ್ಸಿಂಗ್ಟನ್ ಓವಲ್‌ನಾಗ. ಆವತ್ತಿಂದ ನಮ್ಮ ವಿದ್ಯಾನಗರದ ಚಾದಂಗಡ್ಯಾಗೂ ಆ ವೆಸ್ಟ್ ಇಂಡೀಸ್ ದ್ವೀಪದ ಹೆಸರು ಗೊತ್ತಾಗೇತಿ. ಎಲ್ಲಾರೂ ಕೇಳೂದು ಬೀಚ್ ಹೆಂಗೈತಿ, ಹೋಟೆಲ್ ಎಷ್ಟು, ಮೀನು ತಿನ್ನದವ್ರು ಏನ್ ತಿನ್ನಬೇಕು, ಇಷ್ಟ. ಓಡಾಡೂದ್ ಹೆಂಗ ಅಂತ ಒಬ್ರೂ ಕೇಳಂಗಿಲ್ಲ, ಕಾರ್ ಬಾಡಿಗಿ ತಗೊಂಡ್ರ ಆತ್ ಬಿಡ್ರಿ ಅಂತಾರ. ರೊಕ್ಕ ಸೋರೂದು ಅಲ್ಲೇ ನೋಡ್ರಿ. ಅದಕ ಈ ರಿವ್ಯೂ ಬೀಚಿಂದಲ್ಲ, ಹೋಟೆಲಿಂದೂ ಅಲ್ಲ, ಅಲ್ಲೆ ಜೆಡ್‌ಆರ್ ಅಂತ ಕರೆಯೋ, ಬಸ್ಸಿನಂಗ ಮಂದಿ ಹತ್ತೋ ಬಿಳಿ ವ್ಯಾನಿಂದು.

ನಾವ್ ಅಲ್ಲೆ ಹೆಂಗ್ ಇದ್ವಿ ಅನ್ನೂದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ಕಮೆಂಟ್‌ನಾಗ ಅದನ್ನ ಕೇಳ್ತೀರಿ. ನಮ್ಮ ಮನಿಯವ್ರದು ಲ್ಯಾಪ್‌ಟಾಪ್ ಮುಂದ ಕುಂತು ಮಾಡೋ ಕೆಲಸ, ಇಂಟರ್ನೆಟ್ ಇದ್ರ ಎಲ್ಲಿಂದಾದ್ರೂ ನಡೀತೈತಿ. ಬಾರ್ಬಡೋಸ್ ಸರ್ಕಾರ 2020ರಾಗ, ಕೋವಿಡ್ ಹೊತ್ತಿನ್ಯಾಗ, ವೆಲ್‌ಕಮ್ ಸ್ಟ್ಯಾಂಪ್ ಅಂತ ಒಂದ್ ವೀಸಾ ತಂತು, ಹೊರಗಿನ ಕಂಪನಿಗೆ ದುಡಿಯೋರು ಬಂದು 12 ತಿಂಗಳು ಅಲ್ಲೇ ಇದ್ದು ಕೆಲಸ ಮಾಡಬಹುದು, ಆದ್ರ ಅಲ್ಲಿಯ ಲೋಕಲ್ ನೌಕರಿ ಹಿಡಿಯಂಗಿಲ್ಲ. ವರ್ಷಕ್ಕ ಕನಿಷ್ಠ 50,000 ಅಮೆರಿಕನ್ ಡಾಲರ್ ಗಳಿಕಿ ತೋರಿಸಬೇಕು, ಫೀ ಒಬ್ಬರಿಗೆ 2,000, ಕುಟುಂಬಕ್ಕ 3,000 ಡಾಲರ್. ಬರೇ ತಿರುಗಾಡಾಕ ಹೋಗೋರಿಗೆ ಇದ್ಯಾವುದೂ ಬ್ಯಾಡ, ಇಂಡಿಯನ್ ಪಾಸ್‌ಪೋರ್ಟ್ ಇದ್ರ ವೀಸಾ ಇಲ್ಲದ ಬಿಡ್ತಾರ, ಆದ್ರ ಮಿಯಾಮಿ ಮ್ಯಾಲೆ ಟಿಕೆಟ್ ಮಾಡ್ಸಿದ್ರಿ ಅಂದ್ರ ಅಲ್ಲೆ ವಿಮಾನ ಬದಲಿ ಮಾಡಾಕ ಅಮೆರಿಕಾ ವೀಸಾ ಬೇಕಾಗ್ತೈತಿ, ಅದನ್ನ ಮರೀಬ್ಯಾಡ್ರಿ.

ಊರು ತುಟ್ಟಿ, ಸುಳ್ಳ್ಯಾಕ ಹೇಳೂದು. ತಿನ್ನೂದು ಉಣ್ಣೂದು ಬಹಳಷ್ಟು ಹಡಗಿನ್ಯಾಗ ಹೊರಗಿಂದ ಬರಬೇಕು, ಅದರ ಮ್ಯಾಲೆ ವ್ಯಾಟ್ 17.5 ಪರ್ಸೆಂಟ್. ಸೂಪರ್ ಮಾರ್ಕೆಟ್‌ನಾಗ ಬಿಲ್ ನೋಡಿ ನಮ್ಮ ಮನಿಯವ್ರು ವಾರ ವಾರ ಮಾರಿ ಸಣ್ಣದು ಮಾಡೋರು. ಇಂಥಾ ಊರಾಗ ಅಗ್ಗ ಅನ್ನಬಹುದಾದ ಚಲೋ ವಸ್ತು ನನಗ ಕಂಡಿದ್ದು ಎರಡ, ನಲ್ಲಿ ನೀರು (ಸುಣ್ಣಗಲ್ಲಿನ ಹವಳದ ನೆಲದಾಗ ಸೋಸಿ ಬರ್ತೈತಿ, ಹಂಗ ಕುಡೀಬಹುದು, ಬಾಟ್ಲಿ ನೀರಿಗೆ ರೊಕ್ಕ ಹಾಕಬ್ಯಾಡ್ರಿ) ಮತ್ತ ಈ ವ್ಯಾನು.

ಅಲ್ಲೆ ರೋಡಿಗೆ ಮೂರ್ ನಮೂನಿ ಬಸ್ ಬರ್ತಾವ. ನೀಲಿ ಬಣ್ಣದ್ದು ಸರ್ಕಾರದ್ದು, ದೊಡ್ಡದು, ಈಗ ಅದರಾಗ ಕರೆಂಟ್ ಮ್ಯಾಲೆ ಓಡೋವೂ ಅದಾವ. ಹಳದಿ ಮೈಮ್ಯಾಲೆ ನೀಲಿ ಪಟ್ಟಿ ಇರೂದು ಖಾಸಗಿ ಮಿನಿಬಸ್ಸು. ಮೂರನೇದು ನಮ್ಮ ಹೀರೋ, ಬಿಳಿ ವ್ಯಾನು, ನಡುವ ಮರೂನ್ ಪಟ್ಟಿ, ನಂಬರ್ ಪ್ಲೇಟ್ ಜೆಡ್‌ಆರ್ ಅಂತ ಶುರು ಆಗ್ತೈತಿ, ಅದಕ ಆ ಹೆಸರು. ಮೂರಕ್ಕೂ ರೇಟ್ ಒಂದ, ಮೂರೂವರಿ ಬಾರ್ಬಡೋಸ್ ಡಾಲರ್, 2019ಕ್ಕಿಂತ ಮೊದಲು ಎರಡ ಡಾಲರ್ ಇತ್ತಂತ. ಎರಡು ಬಾರ್ಬಡೋಸ್ ಡಾಲರ್‌ಗೆ ಒಂದ್ ಅಮೆರಿಕನ್ ಡಾಲರ್, ಈ ಲೆಕ್ಕ 1975ರಿಂದ ಬದಲಾಗಿಲ್ಲ, ಅಂದ್ರ ನಮ್ಮ ರೂಪಾಯಿದಾಗ ಟಿಕೆಟ್ ಹೆಚ್ಚು ಕಮ್ಮಿ 150. ತುಟ್ಟಿ ಅನಸ್ತೈತಿ ಅಲ್ಲಾ? ಆದ್ರ ಮುಂದಿನ ಸ್ಟಾಪಿಗೆ ಇಳಿದ್ರೂ ಅಷ್ಟ, ರೂಟಿನ ಕಡೀ ತನಕ ಕುಂತ್ರೂ ಅಷ್ಟ. ದ್ವೀಪರ ಎಷ್ಟೈತಿ, ಉದ್ದ 34 ಕಿಲೋಮೀಟರ್, ಅಗಲ 23.

ನೀಲಿ ಬಸ್ಸಿನ್ಯಾಗ ಚಿಲ್ಲರ ವಾಪಸ್ ಕೊಡಂಗಿಲ್ಲ, ಪೆಟ್ಟಿಗ್ಯಾಗ ಸರಿಯಾಗಿ ಮೂರೂವರಿ ಹಾಕಬೇಕು. ಜೆಡ್‌ಆರ್‌ನಾಗ ಕಂಡಕ್ಟರ್ ಇರ್ತಾನ, ಚಿಲ್ಲರ ಕೊಡ್ತಾನ, ಹೊಸದಾಗಿ ಹೋದವ್ರಿಗೆ ಇದು ಭಾಳ ದೊಡ್ಡ ಅನುಕೂಲ. ನಾನು ಸಾಮಾನ್ಯವಾಗಿ ಐದರ ನೋಟ್ ಕೊಡ್ತಿದ್ದೆ. ಆ ನೋಟಿನ ಮ್ಯಾಲೆ ಇರೂದು ಯಾರ್ ಗೊತ್ತೈತೇನ್ರಿ, ಫ್ರಾಂಕ್ ವೊರೆಲ್, ಕ್ರಿಕೆಟರ್! 1962ರಾಗ ನಮ್ಮ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್‌ಗೆ ಬಾರ್ಬಡೋಸ್‌ನಾಗ ಚಾರ್ಲಿ ಗ್ರಿಫಿತ್ ಬಾಲ್ ತಲಿಗೆ ಬಡದು ಜೀವಕ್ಕ ಕುತ್ತು ಬಂದಾಗ, ವೆಸ್ಟ್ ಇಂಡೀಸ್ ಕ್ಯಾಪ್ಟನ್ ಆಗಿದ್ದ ವೊರೆಲ್ ಸ್ವತಃ ರಕ್ತಾ ಕೊಟ್ಟಿದ್ರು. ಬಂಗಾಳದ ಕ್ರಿಕೆಟ್ ಅಸೋಸಿಯೇಷನ್‌ನವ್ರು ಇವತ್ತಿಗೂ ಫೆಬ್ರವರಿ 3ಕ್ಕ ಅವರ ಹೆಸರಿನ್ಯಾಗ ರಕ್ತದಾನ ಶಿಬಿರ ಮಾಡ್ತಾರ. ನಮ್ಮ ಮಾವನವ್ರು ಇದನ್ನ ಹೇಳೋ ತನಕ ನನಗದು ಬರೇ ಐದರ ನೋಟು. ಅವರು ಬಂದಾಗ ವ್ಯಾನಿನ್ಯಾಗ ಆ ನೋಟ್ ಹಿಡಕೊಂಡು ಕಂಡಕ್ಟರ್ ಹುಡುಗಗ ತಮ್ಮ ಇಂಗ್ಲಿಷಿನ್ಯಾಗ ಪೂರ್ತಿ ಕಥಿ ಹೇಳಿದ್ರು, ಆ ಹುಡುಗ ಬಾಗಿಲಕ್ಕ ಜೋತುಬಿದ್ದಕೊಂಡ ಎಲ್ಲಾ ಕೇಳಿ, ಕಡೀಕ ಒಂದೂವರಿ ಡಾಲರ್ ಚಿಲ್ಲರ ಕೈಯಾಗಿಟ್ಟ. ಕಥಿ ಸಲುವಾಗಿ ರಿಯಾಯಿತಿ ಸಿಗಲಿಲ್ಲ!

ಹತ್ತೂದ್ ಹೆಂಗ ಅಂದ್ರ ಭಾಳ ಸರಳ. ಸ್ಟಾಪಿನ ಬೋರ್ಡ್ ಮ್ಯಾಲೆ ‘ಟು ಸಿಟಿ’ ಅಥವಾ ‘ಔಟ್ ಆಫ್ ಸಿಟಿ’ ಅಂತ ಬರದಿರ್ತಾರ. ಸಿಟಿ ಅಂದ್ರ ಬ್ರಿಜ್‌ಟೌನ್. ಗಾಡಿ ನಮ್ಮಂಗ ಎಡಕ್ಕ ಓಡ್ತಾವ, ಹಂಗಾಗಿ ಯಾವ ಬದಿಗೆ ನಿಲ್ಲಬೇಕು ಅನ್ನೋ ಗೊಂದಲ ಇಲ್ಲ. ನಿಂತ ಎರಡ್ ಮಿನಿಟಿನ್ಯಾಗ ಪೀಂ ಪೀಂ ಅಂತ ಹಾರ್ನ್ ಹೊಡಕೋತ ಬರ್ತಾನ, ಕೈ ಮಾಡಿದ್ರ ನಿಂತ, ಮಾಡ್ಲಿಲ್ಲಂದ್ರೂ ಒಮ್ಮೊಮ್ಮೆ ನಿಂತ ಕೇಳ್ತಾನ. ನಾವ್ ಇದ್ದದ್ದು ದಕ್ಷಿಣ ದಂಡಿಮ್ಯಾಲೆ ವರ್ದಿಂಗ್ ಅನ್ನೋ ಕಡೆ, ಅಲ್ಲೆ 11 ನಂಬರ್ ರೂಟು, ಬ್ರಿಜ್‌ಟೌನಿಂದ ಹೇಸ್ಟಿಂಗ್ಸ್, ವರ್ದಿಂಗ್, ಆಯ್ಸ್ಟಿನ್ಸ್ ದಾಟಿ ಸಿಲ್ವರ್ ಸ್ಯಾಂಡ್ಸ್ ತನಕ. ಹೊಸದಾಗಿ ಹೋಗೋರು ರೂಮ್ ಮಾಡೂದಿದ್ರ ಈ ರೂಟಿನ ಮ್ಯಾಲ ಮಾಡ್ರಿ, ಇದು ನನ್ನ ಖಡಕ್ ಸಲಹಾ. ಫೋಟೋದಾಗ ಚಂದ ಕಾಣ್ತೈತಿ ಅಂತ ಗುಡ್ಡದ ಮ್ಯಾಲಿನ ಮನಿ ಬುಕ್ ಮಾಡಿದ್ರ ಬಾಡಿಗಿ ಉಳಿದದ್ದೆಲ್ಲಾ ಟ್ಯಾಕ್ಸಿಗೆ ಹೋಗ್ತೈತಿ.

ಒಳಗ ಹತ್ತಿದ ಕೂಡ್ಲೆ ಗುಡ್ ಮಾರ್ನಿಂಗ್ ಅನಬೇಕು. ಮಧ್ಯಾಹ್ನ ಆದ್ರ ಗುಡ್ ಆಫ್ಟರ್‌ನೂನ್. ಯಾರಿಗೆ ಅಂತಿಲ್ಲ, ಇಡೀ ವ್ಯಾನಿಗೆ. ಹಿಂದಿನ ಸೀಟಿನವ್ರು ಸುದ್ದಾ ವಾಪಸ್ ಅಂತಾರ. ಅಂಗಡ್ಯಾಗ, ದವಾಖಾನ್ಯಾಗ, ಎಲ್ಲಾ ಕಡೆ ಇದ ಪದ್ಧತಿ, ಅನ್ನದ ಸೀದಾ ‘ಅದೆಷ್ಟು, ಇದೆಷ್ಟು’ ಅಂತ ಕೇಳಿದ್ರ ಮಾರಿ ತಿರುಗಿಸ್ತಾರ, ಆಮ್ಯಾಲೆ ನಮ್ಮವ್ರು ಬಂದು ಅಲ್ಲಿ ಮಂದಿ ಸೊಕ್ಕಿನವ್ರು ಅಂತ ಬರೀತಾರ. ಸೊಕ್ಕೂ ಇಲ್ಲ ಏನಿಲ್ಲ, ಮೊದಲ ಮಾತಾಡಸ್ರಿ. ನಮ್ಮ ಅತ್ತಿಯವ್ರಿಗೆ ಇದು ಭಾಳ ಸೇರ್ತು, ಹತ್ತಿ ಕೈ ಮುಗದು ‘ನಮಸ್ಕಾರ್ರಿ’ ಅಂದ್ರ ಇಡೀ ವ್ಯಾನ್ ಗುಡ್ ಮಾರ್ನಿಂಗ್ ಗ್ರ್ಯಾನಿ ಅಂತಿತ್ತು, ಬಾಗಿಲ ಹತ್ರ ಕುಂತ ಹುಡುಗ್ರು ಎದ್ದು ಜಾಗಾ ಬಿಡೋರು.

ಇನ್ನ ತಕರಾರು. ಗದ್ದಲ! ಸಾಲಿ ಬಿಡೋ ಹೊತ್ತಿಗೆ ಕುಂದಗೋಳ ರೋಡಿನ ಟಂಟಂ ನೋಡೀರಲ್ಲ, ಹಂಗ ತುಂಬ್ತಾರ, ನಾಕ್ ಜನದ ಸೀಟಿಗೆ ಐದನೇದವ್ರು ಬಂದು ಅರ್ಧಾ ಕುಂಡ್ರತಾರ, ಕಂಡಕ್ಟರ್ ಇನ್ನೂ ಸರೀರಿ ಸರೀರಿ ಅಂತಾನ. ಮತ್ತ ಹಾಡು. ಡ್ಯಾನ್ಸ್‌ಹಾಲ್, ಸೋಕಾ, ಏನೇನೋ, ಸ್ಪೀಕರ್ ಸೀಟಿನ ಬುಡಕ್ಕ ಇರ್ತೈತಿ, ಎದಿಯೊಳಗ ದಡ್ ದಡ್ ಅಂತೈತಿ, ಇಳಿಬೇಕು ಅಂತ ಒದರಿದ್ರ ಡ್ರೈವರ್‌ಗೆ ಕೇಳಂಗಿಲ್ಲ, ಗಂಟಿ ಬಟನ್ ಇದ್ರೂ ಅದು ಎಲ್ಲಾ ವ್ಯಾನಿನ್ಯಾಗ ನಡೆಯಂಗಿಲ್ಲ, ಹಂಗಾಗಿ ಒಂದ್ ಸ್ಟಾಪ್ ಮೊದಲ ಬಾಜೂದವ್ರಿಗೆ ಹೇಳಿಟ್ರ ಅವ್ರು ಮುಂದಿನವ್ರಿಗೆ ದಾಟಸ್ತಾರ. ಸ್ಪೀಡಂತೂ ಕೇಳಬ್ಯಾಡ್ರಿ. ಹಿಂದಿನ ಜೆಡ್‌ಆರ್‌ನವ ಮುಂದ ಹೋಗಿ ಪ್ಯಾಸೆಂಜರ್ ಎತ್ತಿಬಿಡ್ತಾನ ಅಂತ ಇವರಿಗೆ ಹೆದರಿಕಿ, ಸಣ್ಣ ರೋಡಿನ್ಯಾಗ ಎದುರು ಬಸ್ ಬಂದಾಗ ನಾನ್ ಎಷ್ಟೋ ಸಲ ಸಿದ್ಧಾರೂಢ ಅಜ್ಜನ ನೆನಸೇನಿ. ಅಲ್ಲಿಯ ಮಂದೀನೂ ಇದನ್ನ ಬೈತಾರ, ಬೈಕೋತ ಅದರಾಗ ಹತ್ತತಾರ.

ಸಂತಿಗೆ ಹೋಗಾಕ ಇದರಂಥಾದ್ದು ಇಲ್ಲ. ಶನಿವಾರ ಮುಂಜಾನೆ ವ್ಯಾನ್ ಹಿಡದು ಬ್ರಿಜ್‌ಟೌನಿಗೆ ಹೋಗಿ ಚೀಪ್‌ಸೈಡ್ ಮಾರ್ಕೆಟ್‌ನಾಗ ಕಾಯಿಪಲ್ಯ ತರ್ತಿದ್ದೆ. ಬೆಂಡಿಕಾಯಿ, ಕುಂಬಳಕಾಯಿ, ಗೆಣಸು, ಬಾಳಿಕಾಯಿ, ಜೀಗುಜ್ಜೆ, ಎಲ್ಲಾ ಸಿಗ್ತಾವ, ಸೂಪರ್ ಮಾರ್ಕೆಟ್‌ಗಿಂತ ತಾಜಾ. ಅವರ ಊರಿನ ಮುಖ್ಯ ಅಡಗಿ ಕೂಕೂ ಅಂತ, ಮೆಕ್ಕಿಜೋಳದ ಹಿಟ್ಟಿನ್ಯಾಗ ಬೆಂಡಿಕಾಯಿ ಹಾಕಿ ತಿರುವಿ ತಿರುವಿ ಮಾಡ್ತಾರ, ಜೋಡಿ ಹಾರೋ ಮೀನು, ಫ್ಲೈಯಿಂಗ್ ಫಿಶ್, ಅವರ ಒಂದ್ ಡಾಲರ್ ನಾಣ್ಯದ ಮ್ಯಾಲೂ ಅದ ಐತಿ. ನಾವು ಮೀನು ಬಿಟ್ಟು ಕೂಕೂಗೆ ಶೇಂಗಾ ಚಟ್ನಿ ಹಚ್ಚಿ ಉಂಡ್ವಿ, ನಡೀತೈತಿ. ಅವರ ಪೆಪ್ಪರ್ ಸಾಸ್‌ನಾಗ ಸಾಸಿವಿ ಹಾಕಿರ್ತಾರ, ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳದವ್ರು ಏನ್ ಮಹಾ ಅಂತ ಚಮಚಾ ಗಟ್ಟಲೆ ಹಾಕ್ಕೋಬ್ಯಾಡ್ರಿ, ನಮ್ಮ ಬ್ಯಾಡಗಿದು ಬಣ್ಣ, ಅದರದು ಬೆಂಕಿ. ಹಂಗ ಮಿಕ್ಸರ್ ಹೊತ್ತಕೊಂಡು ಹೋಗಬ್ಯಾಡ್ರಿ, ಅಲ್ಲಿಯ ಕರೆಂಟ್ 115 ವೋಲ್ಟ್, ನಮ್ಮ 230ರ ಮಿಕ್ಸರ್ ಸುಮ್ನ ಗುರ್ ಅಂತೈತಿ, ಚಟ್ನಿ ಆಗಂಗಿಲ್ಲ. ಸಣ್ಣ ಒರಳುಕಲ್ಲು ಒಯ್ರಿ, ತೂಕ ಆದ್ರ ಆಗ್ಲಿ.

ಒಂದ್ ಮಾತು ಅರಬಿ ಬಗ್ಗೆ. ಬಾರ್ಬಡೋಸ್‌ನಾಗ ಮಿಲಿಟರಿ ಡಿಸೈನಿನ ಅರಬಿ ಹಾಕೂದು ಕಾನೂನಿಗೆ ವಿರುದ್ಧ, ಸಣ್ಣ ಹುಡುಗ್ರಿಗೂ ಅದ ನಿಯಮ. ನಮ್ಮ ಮೈದುನ ಬಂದಾಗ ಅಂಥಾ ಚಡ್ಡಿ ಹಾಕ್ಕೊಂಡು ವ್ಯಾನ್ ಹತ್ತಾಕ ಹೋದ, ಕಂಡಕ್ಟರ್ ಬಾಗಿಲದಾಗ ತಡದು, ಮನಿಗೆ ಹೋಗಿ ಬದಲಿ ಮಾಡಿ ಬಾ, ಪೊಲೀಸರು ನೋಡಿದ್ರ ನಿನಗ ತ್ರಾಸ ಅಂದ. ದೊಡ್ಡ ಹೋಟೆಲಿನವ್ರು ಇಂಥಾದ್ದು ಹೇಳ್ತಾರೋ ಬಿಡ್ತಾರೋ, ವ್ಯಾನಿನವ್ರು ಹೇಳ್ತಾರ. ಈಜೋ ಅರಬಿ ಮ್ಯಾಲೂ ಊರೊಳಗ ತಿರುಗಬ್ಯಾಡ್ರಿ, ಬೀಚಿಗಷ್ಟ ಅದು.

ಶುಕ್ರವಾರ ರಾತ್ರಿ ಆಯ್ಸ್ಟಿನ್ಸ್‌ನಾಗ ಫಿಶ್ ಫ್ರೈ ಅಂತ ಜಾತ್ರಿ ಆಗ್ತೈತಿ, ಸಮುದ್ರದ ದಂಡಿಗೆ ಸಾಲಾಗಿ ಮೀನು ಸುಡೋ ಅಂಗಡಿ, ಹಾಡು, ಕುಣಿತ. ಮೀನು ತಿನ್ನದವ್ರೂ ಹೋಗ್ರಿ, ಮ್ಯಾಕರೋನಿ ಪೈ, ಹುರಿದ ಬಾಳಿಕಾಯಿ ಸಿಗ್ತೈತಿ. ಅಲ್ಲಿಗೆ 11 ನಂಬರ್ ಸೀದಾ ಬಿಡ್ತೈತಿ, ಕಾರ್ ಒಯ್ದ್ರ ನಿಲ್ಲಸಾಕ ಜಾಗಾ ಹುಡುಕೂದ ಒಂದ್ ಕೆಲಸ.

ಯಾರಿಗೆ ಬ್ಯಾಡ ಅಂದ್ರ, ಮೊಣಕಾಲ್ ನೋವು ಇದ್ದವ್ರಿಗೆ ಬ್ಯಾಡ, ಮೆಟ್ಟಲ ಎತ್ತರ, ಒಳಗ ಬಗ್ಗಿ ಹೋಗಬೇಕು. ಕೂಸು ಕಟ್ಟಿಕೊಂಡವ್ರು ನೀಲಿ ಬಸ್ಸಿಗೆ ಹೋಗ್ರಿ, ಆರಾಮ್ ಐತಿ. ಪೂರ್ವದ ದಂಡಿ ಬಾತ್‌ಶೀಬಾ, ಆ ದೊಡ್ಡ ಬಂಡಿಗಲ್ಲಿನ ಬೀಚು, ಅದನ್ನ ನೋಡೂದಿದ್ರೂ ಬ್ರಿಜ್‌ಟೌನಿನ ಫೇರ್‌ಚೈಲ್ಡ್ ಸ್ಟ್ರೀಟ್ ಟರ್ಮಿನಲ್‌ನಾಗ ನೀಲಿ ಬಸ್ಸನ್ನ ಕೇಳ್ರಿ. ರವಿವಾರ ವ್ಯಾನು ಕಮ್ಮಿ, ಕಾಯೋ ತಯಾರಿ ಇಟ್ಕೊಳ್ರಿ. ಸ್ಟ್ಯಾಂಡಿನ್ಯಾಗ ಹತ್ತಿದ್ರ ಗಾಡಿ ತುಂಬೋ ತನಕ ಬಿಡಂಗಿಲ್ಲ, ಅರ್ಜೆಂಟ್ ಇದ್ದವ್ರು ಸ್ವಲ್ಪ ನಡದು ರೋಡಿನ ಸ್ಟಾಪಿಗೆ ಬಂದು ಹಿಡೀರಿ.

ಏರ್‌ಪೋರ್ಟಿಂದ ಬ್ಯಾಗ್ ಹಿಡಕೊಂಡು ಜೆಡ್‌ಆರ್ ಹತ್ತೂದಂತೂ ಯೋಚನಿನೂ ಮಾಡಬ್ಯಾಡ್ರಿ, ದೊಡ್ಡ ಬ್ಯಾಗಿಗೆ ಒಳಗ ಜಾಗಾನ ಇಲ್ಲ. ಅವತ್ತೊಂದಿನ ಟ್ಯಾಕ್ಸಿ ಮಾಡ್ರಿ. ಟ್ಯಾಕ್ಸಿಗೆ ಮೀಟರ್ ಇರಂಗಿಲ್ಲ, ಹತ್ತೋಕಿಂತ ಮೊದಲ ರೇಟ್ ಮಾತಾಡಬೇಕು, ಮಾತಾಡುವಾಗ ಬರೇ ಡಾಲರ್ ಅಂದ್ರ ಒಪ್ಪಬ್ಯಾಡ್ರಿ, ಅಮೆರಿಕಾದ್ದೋ ಬಾರ್ಬಡೋಸಿಂದೋ ಅಂತ ಬಾಯಿಬಿಟ್ಟು ಕೇಳ್ರಿ, ಡಬಲ್ ಫರಕ್ ಆಗ್ತೈತಿ.