ಮೂರು ಅಂತಸ್ತಿನ ಗೊಬ್ಬರದ ಡಬ್ಬ: ಮೂರು ವರ್ಷ ಬಳಸಿದ ಮೇಲೆ

ಅಡುಗೆಮನೆಯ ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಡಬ್ಬ ಇದು. ಒಂದರ ಮೇಲೊಂದು ಕೂರುವ ಮೂರು ಪ್ಲಾಸ್ಟಿಕ್ ಡಬ್ಬಗಳು, ಗಾಳಿಯಾಡಲು ಸುತ್ತ ತೂತುಗಳು, ತಳದಲ್ಲಿ ರಸ ಬಸಿಯುವ ತಟ್ಟೆ, ಅದಕ್ಕೊಂದು ಚಿಕ್ಕ ನಲ್ಲಿ. ಮನೆಯಲ್ಲಿ ನಾವು ನಾಲ್ಕು ಜನ. ಮೂರು ವರ್ಷದಿಂದ ಬಾಲ್ಕನಿಯಲ್ಲಿಟ್ಟು ದಿನವೂ ಬಳಸುತ್ತಿದ್ದೇವೆ. ತಂದ ವಾರದಲ್ಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ತಿಂಗಳು ಕಳೆದ ಮೇಲೆ ಬರೆದಿದ್ದರೆ ಖಂಡಿತ ಬೈಯುತ್ತಿದ್ದೆ.

ಯಾಕೆಂದರೆ ಮೊದಲ ತಿಂಗಳು ವಾಸನೆ ತಡೆಯಲು ಆಗಲಿಲ್ಲ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ. ಜೊತೆಗೆ ಬಂದ ಚೀಟಿಯಲ್ಲಿ ದಿನಕ್ಕೆ ಒಂದು ಹಿಡಿ ಒಣ ಪುಡಿ ಉದುರಿಸಿ ಎಂದಿತ್ತು, ಹಾಗೇ ಮಾಡುತ್ತಿದ್ದೆ. ತಪ್ಪಾಗಿದ್ದು ಅಲ್ಲೇ. ಒಂದು ಹಿಡಿ ಏನೇನೂ ಸಾಲದು.

ಕಸವನ್ನು ಗೊಬ್ಬರ ಮಾಡುವುದು ಡಬ್ಬವಲ್ಲ, ಅದರೊಳಗಿನ ಸೂಕ್ಷ್ಮಜೀವಿಗಳು. ಅವಕ್ಕೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಕಡಿಮೆ, ನೀರು ಜಾಸ್ತಿ. ತರಗೆಲೆಯಲ್ಲಿ ಇಂಗಾಲ ಜಾಸ್ತಿ, ನೀರು ಇಲ್ಲವೇ ಇಲ್ಲ ಅನ್ನಬಹುದು. ಎರಡೂ ಸೇರಿದರೆ ಮಾತ್ರ ಕೆಲಸ ನಡೆಯುತ್ತದೆ. ಆಮೇಲಿನಿಂದ ಒಂದು ಬಟ್ಟಲು ಹಸಿ ಕಸಕ್ಕೆ ಎರಡು ಬಟ್ಟಲು ಪುಡಿ ಮಾಡಿದ ತರಗೆಲೆ ಹಾಕತೊಡಗಿದೆ. ವಾರದೊಳಗೆ ವಾಸನೆ ಹೋಯಿತು! ಈಗ ಮುಚ್ಚಳ ತೆಗೆದರೆ ಮಳೆ ಬಿದ್ದ ಮಣ್ಣಿನ ವಾಸನೆ.

ವಾಸನೆಯನ್ನೇ ಗಮನಿಸುವುದು ಕಲಿತರೆ ಅರ್ಧ ಕೆಲಸ ಆದಂತೆ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ, ನೀರು ನಿಂತಿದೆ. ಮೂಗು ಚುರುಗುಟ್ಟುವ ಅಮೋನಿಯ ವಾಸನೆಗೆ ಕಾರಣ ಸಾರಜನಕ ಹೆಚ್ಚಾಗಿರುವುದು. ಎರಡಕ್ಕೂ ಮದ್ದು ತರಗೆಲೆ ಸೇರಿಸಿ ಕೈಯಾಡಿಸುವುದೇ. ಒಂದು ಮುಷ್ಟಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಒಣ ಎಲೆ ಬೇಕು. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಅದೂ ಕೆಲಸಗಾರನೇ. ದಪ್ಪ ಬೂದು ಬಣ್ಣದ ಹುಳಗಳು ಬಂದಾಗ ನಾನು ಎಲ್ಲವನ್ನೂ ಸುರಿದುಬಿಡಲು ಹೊರಟಿದ್ದೆ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಈಗ ಅವನ್ನು ಸುಮ್ನೆ ಬಿಟ್ಟುಬಿಡುತ್ತೇನೆ.

ಡಬ್ಬದ ದೋಷಗಳನ್ನೂ ಹೇಳಬೇಕು. ಪೆಟ್ಟಿಗೆಯ ಮೇಲೆ 30 ದಿನದಲ್ಲಿ ಗೊಬ್ಬರ ಎಂದು ದೊಡ್ಡದಾಗಿ ಬರೆದಿತ್ತು. ಅದು ನಿಜವಲ್ಲ. ನಮಗೆ ಎರಡೂವರೆಯಿಂದ ಮೂರು ತಿಂಗಳು ಬೇಕು. ಹೀಗೆ ಬರೆಯುವುದರಿಂದಲೇ ಎಷ್ಟೋ ಜನ ನಡುವೆಯೇ ಕೈಬಿಡುತ್ತಾರೆ ಎಂದು ನನಗೆ ಬೇಸರ. ನಲ್ಲಿ ಆರೇ ತಿಂಗಳಿಗೆ ಕಟ್ಟಿಕೊಂಡಿತು, ಈಗ ತಟ್ಟೆಯನ್ನೇ ಎತ್ತಿ ಸುರಿಯುತ್ತೇನೆ. ಬಿಸಿಲಿಗೆ ಒಂದು ಮುಚ್ಚಳ ಬಿರುಕು ಬಿಟ್ಟಿದೆ. ಡಬ್ಬಗಳು ಮಾತ್ರ ಗಟ್ಟಿ.

ಗೊಬ್ಬರ ಜರಡಿ ಹಿಡಿಯುವಾಗ ಕಣ್ಣಿಗೆ ಬಿದ್ದ ಒಂದು ವಿಷಯ. ಎಲ್ಲವೂ ಕರಗಿ ಮಣ್ಣಾಗಿದ್ದರೂ ಹಣ್ಣಿನ ಮೇಲಿನ ಸ್ಟಿಕ್ಕರ್‌ಗಳು ಹೊಸದರಂತೆ ಉಳಿದಿದ್ದವು. ಕೆಲವು ಟೀ ಬ್ಯಾಗ್‌ಗಳ ಜಾಲರಿಯೂ ಹಾಗೇ, ಅದರಲ್ಲಿ ಪ್ಲಾಸ್ಟಿಕ್ ಇರುತ್ತದೆ. ಮಣ್ಣಲ್ಲಿ ಕರಗುವ ಚೀಲ ಎಂದು ಮಾರುವ, ಪಿಎಲ್ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್‌ನ ಚೀಲಗಳನ್ನೂ ಹಾಕಿ ನೋಡಿದೆ. ಕರಗಲಿಲ್ಲ. ಅವಕ್ಕೆ 58 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ತುಂಬಾ ದಿನ ಬೇಕು. ಅದು ದೊಡ್ಡ ಘಟಕಗಳಲ್ಲಿ ಸಿಗುತ್ತದೆ, ನಮ್ಮ ಬಾಲ್ಕನಿಯಲ್ಲಲ್ಲ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಮನೆಯಲ್ಲೂ ಕೇಳಿದರು. ಆ ಮೊದಲ ತಿಂಗಳಿನ ನಾತವೇ ನನ್ನ ಉತ್ತರ. ಗಾಳಿ ಸಿಗದೆ ನಮ್ಮ ಚಿಕ್ಕ ಡಬ್ಬದಲ್ಲಿ ಆಗಿದ್ದೇ ಕಸದ ಗುಡ್ಡಗಳ ಒಳಗೆ ದೊಡ್ಡದಾಗಿ ಆಗುತ್ತದೆ. ಅಲ್ಲಿ ಹಸಿ ಕಸ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ.

ನಾನು ಎಣಿಸದೇ ಇದ್ದ ಲಾಭವೂ ಒಂದು ಸಿಕ್ಕಿತು. ಕಸದ ಚೀಲಕ್ಕೆ ಹಾಕುವಾಗ ಏನು ಎಸೆದೆವು ಅಂತ ಯಾರೂ ನೋಡುವುದಿಲ್ಲ, ಅಲ್ವಾ? ಇಲ್ಲಿ ನಾನೇ ಕತ್ತರಿಸಿ, ಬೆರೆಸಿ, ಕೈಯಾಡಿಸಬೇಕು. ಸಿಪ್ಪೆಗಿಂತ ಜಾಸ್ತಿ ಕೊಳೆತ ಇಡೀ ತರಕಾರಿ, ಮಿಕ್ಕ ಊಟ ಕಂಡು ಹೊಟ್ಟೆ ಉರಿಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ 100ಕ್ಕೆ 60 ಪಾಲು ಮನೆಗಳದ್ದು. ಅದರಲ್ಲಿ ನಮ್ಮದೂ ಇತ್ತು. ತರಕಾರಿಯನ್ನು ವಾರಕ್ಕೆ ಒಮ್ಮೆ ರಾಶಿ ತರುವುದು ಬಿಟ್ಟು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ತರುತ್ತೇವೆ. ಮೊದಲ ವರ್ಷ ತಿಂಗಳಿಗೇ ತುಂಬುತ್ತಿದ್ದ ಡಬ್ಬ ಈಗ ಆರು ವಾರ ಬರುತ್ತದೆ.

ಕೊಳ್ಳಬಹುದಾ? ದಿನಕ್ಕೆ ಐದು ನಿಮಿಷ ಕೊಡುವವರಿದ್ದರೆ ಕೊಳ್ಳಿ. ಆದರೆ ಡಬ್ಬ ತರುವ ಮೊದಲು ಎರಡು ದೊಡ್ಡ ಚೀಲ ತರಗೆಲೆ ಕೂಡಿಟ್ಟುಕೊಳ್ಳಿ. ಅಷ್ಟು ಎಲೆ ಸಿಗುವ ಜಾಗ ಹತ್ತಿರ ಇಲ್ಲದಿದ್ದರೆ ಮರಗೆಲಸದ ಹೊಟ್ಟು ಎಲ್ಲಿ ಸಿಗುತ್ತದೆ ಅಂತ ಮೊದಲು ವಿಚಾರಿಸಿ, ಆಮೇಲೆ ಡಬ್ಬ ತನ್ನಿ.